ಜುನಿಪರ್ ಬೋನ್ಸಾಯ್ ಕೊಂಬೆ ಒಣಗುತ್ತಿದೆಯಾ? ಔಷಧಿ ಹೊಡೆಯುವ ಮುಂಚೆ ಇಷ್ಟು ನೋಡಿ

ಜುನಿಪರ್ ಕೊಂಬೆ ಕಂದು ಬಣ್ಣಕ್ಕೆ ತಿರುಗಿದ್ದು ನಿಮ್ಮ ಕಣ್ಣಿಗೆ ಇವತ್ತು ಬಿದ್ದಿರಬಹುದು. ಅದಕ್ಕೆ ಪೆಟ್ಟು ಬಿದ್ದಿದ್ದು ಮಾತ್ರ ಇವತ್ತಲ್ಲ. ಮೂರು ನಾಲ್ಕು ವಾರದ ಹಿಂದೆ, ಕೆಲವೊಮ್ಮೆ ಎರಡು ತಿಂಗಳ ಹಿಂದೆ. ಗುಲಾಬಿಗೆ ನೀರು ತಪ್ಪಿದರೆ ಸಂಜೆಯೊಳಗೆ ಎಲೆ ಜೋತು ಬೀಳುತ್ತದೆ, ನಮಗೂ ಗೊತ್ತಾಗುತ್ತದೆ. ಜುನಿಪರ್ ಹಾಗೆ ಸುಳಿವು ಕೊಡುವ ಗಿಡವಲ್ಲ. ಕರೆಂಟ್ ಹೋದ ಮೇಲೂ ಯುಪಿಎಸ್ ಮೇಲೆ ಸ್ವಲ್ಪ ಹೊತ್ತು ದೀಪ ಉರಿಯುತ್ತದಲ್ಲ, ಹಾಗೆ ಬೇರು ಸತ್ತ ಮೇಲೂ ಇದರ ಎಲೆ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ.

ಇದೊಂದು ವಿಷಯ ತಲೆಯಲ್ಲಿ ಕೂತರೆ ಅರ್ಧ ಗೊಂದಲ ಕಳೆಯುತ್ತದೆ. ಕಂದು ಕಂಡ ಕೂಡಲೇ ಹೆಚ್ಚಿನವರು ಹೋಗಿ ಒಂದು ಫಂಗಸ್ ಔಷಧಿ, ಒಂದು ಹುಳದ ಔಷಧಿ ತಂದು ಎರಡನ್ನೂ ಒಟ್ಟಿಗೆ ಕಲಸಿ ಹೊಡೆಯುತ್ತಾರೆ. ಜೊತೆಗೆ ಒಂದು ಹಿಡಿ ಗೊಬ್ಬರ. ನೀರು ಜಾಸ್ತಿ. ಮಾರನೇ ವಾರ ಕುಂಡವನ್ನೂ ಬದಲಿಸುತ್ತಾರೆ. ಗಿಡ ಉಳಿಯದಿದ್ದಾಗ "ಬೆಂಗಳೂರಿಗೆ ಜುನಿಪರ್ ಆಗಲ್ಲ ಬಿಡಿ" ಅಂತಾರೆ. ಆಗುತ್ತದೆ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ವರ್ಷದ ಬಹುಪಾಲು ದಿನ ಇಲ್ಲಿನ ಹವೆ ಈ ಗಿಡಕ್ಕೆ ಸಹಿಸುವಂಥದ್ದೇ. ನಾನು ನೋಡಿದ ಒಣಗಿದ ಗಿಡಗಳಲ್ಲಿ ರೋಗದಿಂದ ಹೋದವು ಕಮ್ಮಿ. ನೀರು, ಬೇರು, ಕೊಂಬೆಗೆ ಆಕಾರ ಕೊಡಲು ಸುತ್ತುವ ತಂತಿ, ನೆರಳು, ಈ ನಾಲ್ಕರಿಂದ ಹೋದವೇ ಜಾಸ್ತಿ.

ಮೊದಲು ಹಿಂದಿನ ಎರಡು ತಿಂಗಳ ಲೆಕ್ಕ

ಗಿಡ ಮುಟ್ಟುವ ಮುಂಚೆ ಫೋನ್ ತೆಗೆಯಿರಿ. ಬೋನ್ಸಾಯ್ ಇಟ್ಟವರ ಫೋನಿನಲ್ಲಿ ಗಿಡದ ಫೋಟೋ ಇದ್ದೇ ಇರುತ್ತದೆ. ಹಳೆಯ ಫೋಟೋಗಳನ್ನು ತಾರೀಖಿನ ಪ್ರಕಾರ ನೋಡುತ್ತಾ ಬನ್ನಿ. ಬಣ್ಣ ಮಂಕಾಗಲು ಶುರುವಾಗಿದ್ದು ಯಾವಾಗ? ಕಂದು ಆಗುವ ಮುಂಚೆ ಜುನಿಪರ್ ಎಲೆಯ ಹೊಳಪು ಹೋಗಿ ಬೂದಿ ಮಿಶ್ರಿತ ಹಸಿರಾಗುತ್ತದೆ. ಎದುರಿಗೆ ನೋಡುವಾಗ ತಪ್ಪಿಸಿಕೊಂಡದ್ದು ಫೋಟೋದಲ್ಲಿ ಪಕ್ಕಪಕ್ಕ ಇಟ್ಟಾಗ ಎದ್ದು ಕಾಣುತ್ತದೆ.

ಆ ತಾರೀಖಿನಿಂದ ಇನ್ನೂ ಒಂದು ತಿಂಗಳು ಹಿಂದಕ್ಕೆ ಹೋಗಿ. ಆಗ ಏನಾಗಿತ್ತು? ಕುಂಡ ಬದಲಿಸಿದಿರಾ? ತಂತಿ ಸುತ್ತಿದಿರಾ? ಊರಿಗೆ ಹೋಗಿದ್ದಾಗ ಪಕ್ಕದ ಮನೆಯವರು ನೀರು ಹಾಕಿದ್ದರಾ? ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರು ಶುರುವಾಯಿತಾ? ಟೆರೇಸಿನಿಂದ ಬಾಲ್ಕನಿಗೆ ಇಳಿಸಿದಿರಾ? ಉತ್ತರ ಬಹುತೇಕ ಇಲ್ಲೇ ಸಿಗುತ್ತದೆ. ಸಿಕ್ಕರೂ ಮುಂದಿನ ಪರೀಕ್ಷೆ ಬಿಡಬೇಡಿ. ಅನುಮಾನ ಬೇರೆ, ಖಾತ್ರಿ ಬೇರೆ.

ಕೊಂಬೆ ಸತ್ತಿದೆಯಾ, ಸುಸ್ತಾಗಿದೆಯಾ?

ಎಲೆಯ ಬಣ್ಣ ನಂಬಬೇಡಿ, ತೊಗಟೆ ಕೇಳಿ. ಒಣಗಿದ ಕೊಂಬೆಯ ತುದಿಯ ಹತ್ತಿರ, ಕಣ್ಣಿಗೆ ಬೀಳದ ಕೆಳಭಾಗದಲ್ಲಿ, ಉಗುರಿನಿಂದ ತೊಗಟೆಯನ್ನು ಎಳ್ಳು ಕಾಳಿನಷ್ಟು ಮಾತ್ರ ಕೆರೆಯಿರಿ. ಜುನಿಪರ್‌ನ ಹೊರ ತೊಗಟೆ ಕಂದು, ನಾರುನಾರಾಗಿ ಎದ್ದು ಬರುತ್ತದೆ. ಅದರ ಕೆಳಗಿನ ಪದರವೇ ಮುಖ್ಯ. ಒದ್ದೆಯಾಗಿ, ತೆಳು ಹಸಿರು ಅಥವಾ ಕೆನೆ ಬಣ್ಣ ಕಂಡರೆ ಅಲ್ಲಿ ಜೀವ ಇದೆ. ಕಂದಾಗಿ, ಒಣಗಿ, ಪುಡಿಯಂತೆ ಉದುರಿದರೆ ಇಲ್ಲ.

ಅಲ್ಲಿ ಸತ್ತಿದ್ದರೆ ಬುಡದ ಕಡೆಗೆ ಎರಡು ಬೆರಳು ಹಿಂದೆ ಬಂದು ಮತ್ತೆ ಕೆರೆಯಿರಿ. ಜೀವ ಸಿಗುವ ಜಾಗದವರೆಗೆ ಹೀಗೆ ಬನ್ನಿ. ಸಿಕ್ಕಿದ ಜಾಗದಲ್ಲಿ ಒಂದು ಬಣ್ಣದ ದಾರ ಕಟ್ಟಿ, ಸಡಿಲವಾಗಿ. ಫೋಟೋ ತೆಗೆದಿಡಿ. ಈ ದಾರದ ಉಪಯೋಗ ಆಮೇಲೆ ಬರುತ್ತದೆ.

ಕೈಯಿಂದ ಮುಟ್ಟಿದರೂ ಗೊತ್ತಾಗುವ ವಿಷಯ ಒಂದಿದೆ. ಬದುಕಿರುವ ಎಲೆಗುಚ್ಛ ಹಿಂಡಿದರೆ ಮೆತ್ತಗೆ ಬಗ್ಗುತ್ತದೆ, ಬೆರಳಿಗೆ ಜುನಿಪರ್ ವಾಸನೆ ಹತ್ತುತ್ತದೆ. ಸತ್ತದ್ದು ಹಸಿರಾಗಿ ಕಂಡರೂ ಕಾಗದದ ಹಾಗೆ ಗರಗರ ಅನ್ನುತ್ತದೆ.

ಈಗ ಕಂದು ಎಲ್ಲೆಲ್ಲಿ ಹರಡಿದೆ ನೋಡಿ. ಕಾರಣ ಹುಡುಕಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಒಳಗಡೆ ಮಾತ್ರ ಕಂದು, ತುದಿಗಳೆಲ್ಲ ಹಸಿರು

ಇದಕ್ಕೆ ಅಷ್ಟು ಹೆದರಬೇಕಿಲ್ಲ. ಕಾಂಡದ ಹತ್ತಿರದ ಹಳೆಯ ಎಲೆ ಒಣಗಿ ಉದುರುವುದು ಈ ಗಿಡದ ಸಹಜ ಗುಣ. ಬೆರಳಾಡಿಸಿ ಒಣಗಿದ್ದನ್ನು ತೆಗೆದುಹಾಕಿ, ಗಾಳಿ ಆಡಲಿ.

ಆದರೆ ಸಣ್ಣ ಒಳ ರೆಂಬೆಗಳೇ ಬುಡಸಮೇತ ಸಾಯುತ್ತಿದ್ದರೆ ಅದು ನೆರಳಿನ ಪೆಟ್ಟು. ಮೇಲಿನ ಭಾಗ ದಟ್ಟವಾಗಿ ಬೆಳೆದು ಕೆಳಗಿನ, ಒಳಗಿನ ರೆಂಬೆಗೆ ಬಿಸಿಲು ಬೀಳುತ್ತಿಲ್ಲ. ಬೆಳಕಿಲ್ಲದ ರೆಂಬೆಯನ್ನು ಜುನಿಪರ್ ಕೈಬಿಡುತ್ತದೆ. ಕೈಬಿಟ್ಟ ಮೇಲೆ ಅಲ್ಲಿ ಮತ್ತೆ ಚಿಗುರುವುದಿಲ್ಲ. ಹಸಿರು ಪೂರ್ತಿ ಹೋದ ಹಳೆಯ ಕೊಂಬೆಯಿಂದ ಹೊಸ ಚಿಗುರು ಬರುವುದು ಇದರಲ್ಲಿ ಇಲ್ಲವೆಂದೇ ಇಟ್ಟುಕೊಳ್ಳಿ. ಫೈಕಸ್ (ಆಲ, ಅರಳಿಯ ಜಾತಿ) ಬೆಳೆಸಿ ಬಂದವರು ಎಡವುವುದು ಇಲ್ಲೇ. ಫೈಕಸ್ ಬೋಳು ಮಾಡಿದರೆ ಕೆಲವೇ ವಾರದಲ್ಲಿ ಮತ್ತೆ ಚಿಗುರುತ್ತದೆ. ಜುನಿಪರ್ ಕೊಂಬೆಯ ಎಲ್ಲ ಹಸಿರು ಕತ್ತರಿಸಿದರೆ ಆ ಕೊಂಬೆಯ ಕಥೆ ಮುಗಿಯಿತು.

ಹಾಗಾಗಿ ಮೇಲ್ಭಾಗವನ್ನು ತೆಳ್ಳಗೆ ಮಾಡಿ, ಕೆಳಗೆ ಬೆಳಕು ಬಿಡಿ. ಕತ್ತರಿಯಿಂದ ಎಲೆಗುಚ್ಛದ ತುದಿಗಳನ್ನು ಸಪಾಟಾಗಿ ಸವರಬೇಡಿ. ಉದ್ದ ಓಡಿದ ಚಿಗುರನ್ನು ಮಾತ್ರ ಕವಲಿನ ಹತ್ತಿರ ತೆಗೆಯಿರಿ. ಗಿಡವನ್ನು ವಾರಕ್ಕೊಮ್ಮೆ ಕಾಲು ಸುತ್ತು ತಿರುಗಿಸಿ, ಅದರಲ್ಲೂ ಒಂದೇ ಕಡೆ ಬಿಸಿಲು ಬರುವ ಬಾಲ್ಕನಿಯಲ್ಲಿ. ಹಾಲ್‌ನ ಟೀಪಾಯಿ ಮೇಲೆ ಇಟ್ಟಿದ್ದರೆ ಇನ್ನು ಮುಂದೆ ಓದುವ ಅಗತ್ಯವೇ ಇಲ್ಲ, ಮೊದಲು ಹೊರಗಿಡಿ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಅಂಗಡಿಯಲ್ಲಿ "ಇಂಡೋರ್ ಬೋನ್ಸಾಯ್" ಅಂತ ಹೇಳಿ ಜುನಿಪರ್ ಮಾರುವುದನ್ನು ಕಂಡಾಗೆಲ್ಲ ಬೇಜಾರಾಗುತ್ತದೆ. ತಗೊಂಡವರು ಆಸೆಯಿಂದ ಒಯ್ದಿರುತ್ತಾರೆ.

ಒಂದೇ ಕೊಂಬೆ ಪೂರ್ತಿ ಹೋಗಿದೆ, ಉಳಿದದ್ದು ಚೆನ್ನಾಗಿದೆ

ಇದು ತಂತಿಯ ಕೆಲಸ ಅನ್ನುವುದು ನನ್ನ ಮೊದಲ ಅನುಮಾನ. ಫಂಗಸ್ ಆಗಲಿ ಹುಳವಾಗಲಿ ಒಂದೇ ಕೊಂಬೆ ಆರಿಸಿಕೊಂಡು ಪಕ್ಕದ್ದನ್ನು ಪೂರ್ತಿ ಬಿಟ್ಟುಬಿಡುವುದು ಅಪರೂಪ.

ಕೊಂಬೆಯ ಬುಡಕ್ಕೆ ಹೋಗಿ. ತಂತಿ ತೊಗಟೆಯೊಳಗೆ ಹೂತಿದೆಯಾ ನೋಡಿ. ಮೇ ತಿಂಗಳ ಮಳೆಯಿಂದ ಅಕ್ಟೋಬರ್‌ವರೆಗೆ ನಮ್ಮಲ್ಲಿ ಗಿಡ ದಪ್ಪವಾಗುವ ವೇಗ ಜಾಸ್ತಿ. ಏಪ್ರಿಲ್‌ನಲ್ಲಿ ಸರಿಯಾಗಿ ಕೂತಿದ್ದ ಅಲ್ಯೂಮಿನಿಯಂ ತಂತಿ ಆಗಸ್ಟ್ ಹೊತ್ತಿಗೆ ಕಚ್ಚಿರುತ್ತದೆ. ತಂಪು ದೇಶದವರು ಬರೆದ ಪುಸ್ತಕದಲ್ಲಿ ತಂತಿ ಒಂದು ವರ್ಷ ಇರಲಿ ಅಂದಿರಬಹುದು. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒಂದೊಂದು ಸುತ್ತನ್ನೂ ನೋಡಬೇಕು. ಕಚ್ಚಿದ ತಂತಿಯನ್ನು ಬಿಚ್ಚಲು ಹೋಗಬೇಡಿ, ತೊಗಟೆಯೂ ಜೊತೆಗೆ ಬರುತ್ತದೆ. ತಂತಿ ಕತ್ತರಿಸುವ ಇಕ್ಕಳದಿಂದ ಸುತ್ತು ಸುತ್ತಾಗಿ ತುಂಡು ಮಾಡಿ ತೆಗೆಯಿರಿ.

ತಂತಿ ಕಚ್ಚಿಲ್ಲವಾದರೆ ಬಗ್ಗಿಸಿದ ಜಾಗ ನೋಡಿ. ಬಾಗಿನ ಹೊರ ಮೈಯಲ್ಲಿ ತೊಗಟೆ ಸೀಳಿದೆಯಾ? ಬಾಗಿನ ಒಳಗೆ ತೊಗಟೆ ಮಡಿಚಿ ಮರದಿಂದ ಬಿಟ್ಟುಕೊಂಡಿದೆಯಾ? ಕೊಂಬೆ ಕಾಂಡಕ್ಕೆ ಸೇರುವ ಕಂಕುಳಲ್ಲಿ ಸಣ್ಣ ಬಿರುಕು ಇದೆಯಾ? ಬಗ್ಗಿಸುವಾಗ "ಟಿಕ್" ಅಂತ ಸದ್ದು ಬಂದಿತ್ತಾ ನೆನಪಿಸಿಕೊಳ್ಳಿ. ಬಿರುಕು ಕೊಂಬೆಯ ಅರ್ಧ ಸುತ್ತಿಗಿಂತ ಕಮ್ಮಿ ಇದ್ದು, ತುದಿಯಲ್ಲಿ ಇನ್ನೂ ಮೆತ್ತಗಿನ ಹಸಿರಿದ್ದರೆ ಉಳಿಸಬಹುದು. ಬಿರುಕಿಗೆ ಗಾಯದ ಪೇಸ್ಟ್ ಹಚ್ಚಿ, ಕೊಂಬೆ ಅಲುಗಾಡದ ಹಾಗೆ ಕಟ್ಟಿ, ಗಾಳಿ ಬಡಿಯದ ಕಡೆ ಇಡಿ.

ತಂತಿಯೂ ಇಲ್ಲ, ಬಿರುಕೂ ಇಲ್ಲ ಅಂದರೆ ಕೊಂಬೆಯ ಬುಡದಿಂದ ಕಾಂಡದ ಮೇಲೆ ಕೆಳಗಿಳಿಯಿರಿ. ಜುನಿಪರ್‌ನಲ್ಲಿ ಒಂದೊಂದು ಕೊಂಬೆಗೂ ಬಹುಮಟ್ಟಿಗೆ ಅದರದ್ದೇ ಬೇರಿನ ಸಾಲು ಇರುತ್ತದೆ. ಬೇರಿನಿಂದ ಕೊಂಬೆಗೆ ಒಂದು ಜೀವದ ಪಟ್ಟಿ ಕಾಂಡದ ಮೇಲೆ ಹತ್ತುತ್ತದೆ, ಹೆಚ್ಚಾಗಿ ಕಾಂಡ ತಿರುಚಿದ ದಿಕ್ಕಿನಲ್ಲೇ. ಹಳೆಯ ಗಿಡಗಳಲ್ಲಿ ಈ ಪಟ್ಟಿ ಉಬ್ಬಿ ಕಾಣುತ್ತದೆ, ಸತ್ತ ಪಟ್ಟಿ ತಗ್ಗಿರುತ್ತದೆ. ಕೊಂಬೆಯಿಂದ ಬೆರಳಿಟ್ಟು ಆ ಗೆರೆಯನ್ನೇ ಹಿಡಿದು ಮಣ್ಣಿನವರೆಗೆ ಬಂದರೆ ಯಾವ ಬೇರು ಹೋಗಿದೆ ಅಂತ ತಿಳಿಯುತ್ತದೆ. ಕುಂಡ ಬದಲಿಸುವಾಗ ಒಂದು ದಪ್ಪ ಬೇರು ಕತ್ತರಿಸಿ, ಆರು ವಾರದ ಮೇಲೆ ಸರಿಯಾಗಿ ಅದೇ ಸಾಲಿನ ಕೊಂಬೆ ಒಣಗಿದ್ದನ್ನು ಕಂಡಿದ್ದೇನೆ. ಕಾಂಡದ ಅರ್ಧ ಭಾಗ, ಒಂದೇ ಮಗ್ಗುಲಿನ ಎರಡು ಮೂರು ಕೊಂಬೆ ಒಟ್ಟಿಗೆ ಹೋಗುವುದೂ ಇದೇ ಲೆಕ್ಕ. ಆ ಮಗ್ಗುಲಿನ ಬೇರಿಗೆ ಏನೋ ಆಗಿದೆ. ಪಶ್ಚಿಮದ ಗೋಡೆಯ ಬಿಸಿಗೆ ಕುಂಡದ ಆ ಬದಿ ಬೆಂದಿರಬಹುದು. ಬೀದಿ ಬೆಕ್ಕು ಅಲ್ಲೇ ಉಚ್ಚೆ ಹೊಯ್ಯುತ್ತಿರಬಹುದು. ಇದನ್ನು ನಕ್ಕು ಬಿಡಬೇಡಿ, ಟೆರೇಸ್‌ಗಳಲ್ಲಿ ಆಗುತ್ತದೆ.

ಕೊನೆಗೆ, ತೊಗಟೆಯ ಮೇಲೆ ಸೂಜಿ ಮೊನೆಯಷ್ಟು ತೂತು, ಕೆಳಗೆ ಸಣ್ಣ ಹಿಟ್ಟಿನಂಥ ಪುಡಿ ಇದ್ದರೆ ಕೊರೆಯುವ ಹುಳ. ಅದು ಬರುವುದು ಈಗಾಗಲೇ ಸೊರಗಿದ ಗಿಡಕ್ಕೆ. ಆ ಕೊಂಬೆ ಕತ್ತರಿಸಿ ಸುಟ್ಟುಬಿಡಿ, ಗಿಡ ಸೊರಗಿದ್ದು ಯಾಕೆ ಅಂತ ಹುಡುಕಿ.

ತುದಿಗಳು ಒಣಗುತ್ತಿವೆ

ಇಲ್ಲಿ ಮೂರು ಕಾರಣ ಒಂದೇ ಥರ ಕಾಣುತ್ತವೆ. ಮೂರಕ್ಕೂ ಔಷಧಿ ಬೇರೆ. ಒಂದಕ್ಕಂತೂ ಔಷಧಿಯೇ ಇಲ್ಲ.

ಮೊದಲು ನುಸಿ. ಫೆಬ್ರವರಿಯಿಂದ ಮೇ ವರೆಗೆ, ಮಳೆ ನೀರು ತಾಗದ ಬಾಲ್ಕನಿಯಲ್ಲಿ ಇದರ ಕಾಟ ಜಾಸ್ತಿ. ಎಲೆ ಧೂಳು ಕೂತ ಹಾಗೆ ಮಂಕಾಗಿ, ಹತ್ತಿರ ನೋಡಿದರೆ ಸಣ್ಣ ಸಣ್ಣ ತೆಳು ಚುಕ್ಕೆ. ಆಮೇಲೆ ತಾಮ್ರದ ಬಣ್ಣ. ಪರೀಕ್ಷೆ ಸುಲಭ. ಬೆಳಿಗ್ಗೆ ಒಂದು ಬಿಳಿ ಹಾಳೆಯನ್ನು ಕೊಂಬೆಯ ಕೆಳಗೆ ಹಿಡಿದು, ಪೆನ್ಸಿಲ್‌ನಿಂದ ಕೊಂಬೆಗೆ ಮೂರು ನಾಲ್ಕು ಸಲ ತಟ್ಟಿ. ಧೂಳು, ಒಣ ಎಲೆ, ಏನೇನೋ ಬೀಳುತ್ತದೆ. ಹಾಳೆ ಅಲುಗಾಡಿಸದೆ ಅರ್ಧ ನಿಮಿಷ ಸುಮ್ನೆ ನೋಡುತ್ತಾ ಇರಿ. ಚುಕ್ಕೆಗಳಲ್ಲಿ ಕೆಲವು ನಡೆಯಲು ಶುರು ಮಾಡುತ್ತವೆ. ಅವುಗಳ ಮೇಲೆ ಬೆರಳು ಒತ್ತಿ ಎಳೆಯಿರಿ. ಹಸಿರು ಅಥವಾ ಕೆಂಪು ಮಿಶ್ರಿತ ಕಂದು ಗೆರೆ ಬಿದ್ದರೆ ಅದು ಎಲೆಯ ರಸ ಹೀರಿದ ನುಸಿ. ಧೂಳಾದರೆ ಬೂದು ಗೆರೆ, ಅಷ್ಟೇ. ನೀರು ಚಿಮುಕಿಸಿದಾಗ ಎಲೆಗಳ ನಡುವೆ ತೆಳ್ಳನೆ ಬಲೆ ಹೊಳೆದರೂ ಅದೇ ಅರ್ಥ.

ನುಸಿಗೆ ಮೊದಲ ಔಷಧಿ ನೀರು. ಕುಂಡದ ಮಣ್ಣಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಗಿಡ ವಾಲಿಸಿ, ಪೈಪಿನಿಂದ ಎಲೆಯ ಕೆಳಗಿನಿಂದ ಜೋರಾಗಿ ಹೊಡೆಯಿರಿ. ಸಂಜೆ ಬೇವಿನೆಣ್ಣೆ, ಲೀಟರಿಗೆ 5 ಮಿಲಿ, ಕರಗಲು ಎರಡು ಹನಿ ಸೋಪು ದ್ರಾವಣ. ಮೊಟ್ಟೆಗಳೆಲ್ಲ ಒಂದೇ ಸಲಕ್ಕೆ ಸಾಯುವುದಿಲ್ಲವಾದ್ದರಿಂದ ಆರೇಳು ದಿನಕ್ಕೊಮ್ಮೆ ಮೂರು ಸಲ ಮಾಡಬೇಕು. ನೀಲಿ ಛಾಯೆಯ ಜುನಿಪರ್ ಆದರೆ ಎಣ್ಣೆಯಿಂದ ಆ ನೀಲಿ ಹೋಗುತ್ತದೆ, ಗಾಬರಿ ಬೇಡ. ನೀರಲ್ಲಿ ಕರಗುವ ಗಂಧಕದ ಪುಡಿಯೂ ಕೆಲಸ ಮಾಡುತ್ತದೆ, ಆದರೆ ಏಪ್ರಿಲ್ ಬಿಸಿಲಿನಲ್ಲಿ ಬೇಡ, ಎಣ್ಣೆ ಹೊಡೆದ ಎರಡು ಮೂರು ವಾರದೊಳಗೂ ಬೇಡ, ಎಲೆ ಸುಡುತ್ತದೆ. ಎಲ್ಲ ಹುಳಕ್ಕೂ ಒಂದೇ ಅನ್ನುವ ಕೀಟನಾಶಕದಿಂದ ನುಸಿ ಹೆಚ್ಚುವುದೇ ಜಾಸ್ತಿ. ನುಸಿ ತಿನ್ನುವ ಹುಳಗಳು ಸಾಯುತ್ತವೆ, ನುಸಿ ಉಳಿಯುತ್ತದೆ. ತಾಮ್ರ ಬಣ್ಣಕ್ಕೆ ತಿರುಗಿದ ಎಲೆ ಮತ್ತೆ ಹಸಿರಾಗದು. ಹೊಸ ಚಿಗುರು ಚೆನ್ನಾಗಿ ಬಂದರೆ ಗೆದ್ದ ಹಾಗೆ.

ಎರಡನೆಯದು ತುದಿ ಒಣಗುವ ಫಂಗಸ್. ಕಾಲ ಇದಕ್ಕೆ ತದ್ವಿರುದ್ಧ: ಜೂನ್‌ನಿಂದ ಅಕ್ಟೋಬರ್, ಜಿಟಿಜಿಟಿ ಮಳೆ, ದಿನವಿಡೀ ಒದ್ದೆ ಎಲೆ. ಇದರಲ್ಲಿ ಹೆಸರುವಾಸಿ ಫೋಮಾಪ್ಸಿಸ್. ಅದು ಹಿಡಿಯುವುದು ತಿಳಿಹಸಿರಿನ ಎಳೆ ಚಿಗುರನ್ನು. ಬಲಿತ ಕಡುಹಸಿರನ್ನು ಸಾಮಾನ್ಯವಾಗಿ ಮುಟ್ಟದು. ತುದಿ ಮೊದಲು ಬಿಳಿಚಿ, ಆಮೇಲೆ ಕಂದಾಗಿ, ಕೊನೆಗೆ ಬೂದಿ ಬಣ್ಣಕ್ಕೆ ಬರುತ್ತದೆ. ಭೂತಗನ್ನಡಿ ಹಿಡಿದು ಸತ್ತದ್ದೂ ಬದುಕಿದ್ದೂ ಸೇರುವ ಗಡಿ ನೋಡಿ. ಅಲ್ಲಿ ಬೂದು ಪಟ್ಟಿ, ಅದರ ಮೇಲೆ ಗುಂಡುಸೂಜಿ ಮೊನೆಯಷ್ಟು ಕಪ್ಪು ಚುಕ್ಕೆ ಇದ್ದರೆ ಇದೇ. ಚುಕ್ಕೆ ಕಾಣದಿದ್ದರೆ ಕಾಯಿಲೆ ತುದಿಯನ್ನು ಒದ್ದೆ ಹತ್ತಿಯ ಜೊತೆ ಡಬ್ಬಿಯಲ್ಲಿ ಮುಚ್ಚಿ ಎರಡು ಮೂರು ದಿನ ಇಟ್ಟು ನೋಡಿ.

ಮಳೆ ಬಿಟ್ಟ ಒಣ ದಿನ ನೋಡಿ ಕಾಯಿಲೆ ತುದಿಗಳನ್ನು ಒಂದಂಗುಲ ಆರೋಗ್ಯದ ಭಾಗ ಸೇರಿಸಿ ಕತ್ತರಿಸಿ. ಒಂದೊಂದು ಕಟ್‌ಗೂ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ. ಕತ್ತರಿಸಿದ್ದು ಕಾಂಪೋಸ್ಟ್‌ಗೆ ಬೇಡ, ಕಸಕ್ಕೆ. ಆಮೇಲೆ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಅಥವಾ ಮ್ಯಾಂಕೋಜೆಬ್ 2 ಗ್ರಾಂ, ಪೊಟ್ಟಣದ ಮೇಲೆ ಬೇರೆ ಅಳತೆ ಇದ್ದರೆ ಅದೇ ಸರಿ. ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಇವು ಹಿಡಿದ ರೋಗ ವಾಸಿ ಮಾಡುವುದಿಲ್ಲ, ಹೊಸ ಚಿಗುರನ್ನು ಕಾಯುತ್ತವೆ. ಮಲೆನಾಡಿನ ಅಡಿಕೆ ತೋಟದವರಿಗೆ ಇದು ಹೇಳಿಕೊಡಬೇಕಿಲ್ಲ. ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣವನ್ನು ಅವರು ಹೊಡೆಯುವುದು ಮಳೆ ಹಿಡಿಯುವ ಮುಂಚೆ, ಕೊಳೆ ಬಂದ ಮೇಲಲ್ಲ. ಗಿಡಕ್ಕೆ ಸೂರಿನಡಿ ಜಾಗ ಕೊಡುವುದು, ಬೆಳಿಗ್ಗೆ ಮಾತ್ರ ನೀರು ಹಾಕುವುದು, ಮಳೆಗಾಲದಲ್ಲಿ ಯೂರಿಯಾದಂಥ ಗೊಬ್ಬರ ಕೊಟ್ಟು ಎಳೆ ಚಿಗುರು ಬರಿಸದೇ ಇರುವುದು, ಇವು ಔಷಧಿಗಿಂತ ಹೆಚ್ಚು.

ಮೂರನೆಯದೇ ಬೆಂಗಳೂರಿನ ಕಾಯಿಲೆ: ನೀರಿನ ಉಪ್ಪು. ಇದರಲ್ಲಿ ತುದಿಗಳು ಇಡೀ ಗಿಡದಲ್ಲಿ ಒಂದೇ ಸಮ ಒಣಗುತ್ತವೆ. ಕಪ್ಪು ಚುಕ್ಕೆ ಇಲ್ಲ, ಹಾಳೆಯ ಮೇಲೆ ನಡೆಯುವುದು ಏನೂ ಇಲ್ಲ. ಕುಂಡದ ಅಂಚಿಗೆ, ನೀರು ಬಸಿಯುವ ತೂತಿನ ಸುತ್ತ ಬಿಳಿ ಪದರ.

ಕನಕಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಹೀಗೊಂದು ಗಿಡ ನೋಡಲು ಹೋಗಿದ್ದೆ. ಮನೆಯ ಯಜಮಾನಿ ತುಂಬಾ ಅಕ್ಕರೆಯಿಂದ ಬೆಳೆಸಿದ ಗಿಡ.

"ನೀರು ಒಂದಿನಾನೂ ತಪ್ಪಿಸಿಲ್ಲ ಕಣಪ್ಪ, ಬೆಳಿಗ್ಗೆ ಎದ್ದು ನಾನೇ ಹಾಕೋದು."

"ಯಾವ ನೀರು ಹಾಕ್ತೀರಾ ಆಂಟಿ?"

"ಫಿಲ್ಟರ್‌ನಿಂದ ಪೈಪಲ್ಲಿ ಬರತ್ತಲ್ಲ, ಅದು. ಸುಮ್ನೆ ಚೆಲ್ಲೋದ್ಯಾಕೆ ಅಂತ ಬಕೆಟ್ಟಲ್ಲಿ ಹಿಡಿದಿಡ್ತೀನಿ."

ನೀರು ಪೋಲು ಮಾಡಬಾರದು ಅನ್ನುವ ಮನಸ್ಸು ದೊಡ್ಡದು. ಆದರೆ ಆರ್‌ಒ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಸೇರಿಕೊಂಡಿರುತ್ತದೆ. ನೀರಿನಲ್ಲಿ ಕರಗಿದ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಅವರ ಮನೆಯಲ್ಲೇ ಇತ್ತು, ಬಕೆಟ್ಟಿಗೆ ಅದ್ದಿದಾಗ ಸಾವಿರ ದಾಟಿತು. ಮನುಷ್ಯರು ಕುಡಿಯುವ ನೀರಿಗೇ ಭಾರತೀಯ ಮಾನಕ ಹೇಳುವ ಅಪೇಕ್ಷಿತ ಮಿತಿ ಲೀಟರಿಗೆ 500 ಮಿಲಿಗ್ರಾಂ. ಆ ನೀರು ನೆಲ ಒರೆಸಲು ಆಗುತ್ತದೆ, ಶೌಚಾಲಯಕ್ಕೆ ಆಗುತ್ತದೆ. ಆಳವಿಲ್ಲದ ಕುಂಡದಲ್ಲಿ ಉಪ್ಪು ದಿನೇ ದಿನೇ ಕೂಡುತ್ತಾ ಹೋಗುತ್ತದೆ, ಬೇರಿನ ತುದಿ ಸುಡುತ್ತದೆ.

ಗಡಸು ನೀರನ್ನು ಮೆದು ಮಾಡುವ ಸಾಫ್ಟ್‌ನರ್ ಯಂತ್ರದ ನೀರು ಇನ್ನೂ ಮೋಸದ್ದು. ಬಕೆಟ್ಟಿಗೆ ಬಿಳಿ ಕಲೆ ಕಟ್ಟುವುದಿಲ್ಲ, ಸೋಪು ಚೆನ್ನಾಗಿ ನೊರೆ ಬರುತ್ತದೆ, ಹಾಗಾಗಿ ಒಳ್ಳೆಯ ನೀರು ಅನಿಸುತ್ತದೆ. ಆದರೆ ಸುಣ್ಣದ ಅಂಶ ತೆಗೆದ ಜಾಗಕ್ಕೆ ಅದು ಸೋಡಿಯಂ ಬಿಟ್ಟಿರುತ್ತದೆ. ಗಿಡಕ್ಕೆ ಬೋರ್‌ವೆಲ್‌ನ ಗಡಸು ನೀರೇ ಅದಕ್ಕಿಂತ ಮೇಲು. ಅಪಾರ್ಟ್‌ಮೆಂಟಿನ ಸಂಸ್ಕರಿಸಿದ ನೀರು ಹುಲ್ಲು, ದಾಸವಾಳಕ್ಕೆ ಸರಿ, ಬೋನ್ಸಾಯ್‌ಗೆ ಬೇಡ. 2024ರ ಬೇಸಿಗೆಯಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಗಿಡಗಳಿಗೆ ಹಾಕಬಾರದು ಅಂತ ನಿಷೇಧ ಹಾಕಿ 5,000 ರೂಪಾಯಿ ದಂಡ ಇಟ್ಟಿತ್ತಲ್ಲ, ಅಂಥ ಹೊತ್ತಿನಲ್ಲಿ ಜನ ಸಿಕ್ಕಿದ ನೀರು ಹಾಕುವುದು ಸಹಜ. ಅಕ್ಕಿ, ತರಕಾರಿ ತೊಳೆದ ನೀರು ಪರವಾಗಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಮಳೆನೀರು. ಒಂದು ಮುಚ್ಚಳದ ಡ್ರಮ್ ತುಂಬಿಟ್ಟರೆ ಒಂದೆರಡು ಬೋನ್ಸಾಯ್‌ಗೆ ಬಹಳ ದಿನ ಬರುತ್ತದೆ.

ಉಪ್ಪು ಅಂತ ಖಾತ್ರಿಯಾದರೆ ಒಳ್ಳೆಯ ನೀರನ್ನು ಕುಂಡದ ಅಳತೆಯ ಮೂರು ಪಟ್ಟು, ನಿಧಾನವಾಗಿ, ಕೆಳಗಿಂದ ಹರಿದು ಹೋಗುವ ಹಾಗೆ ಸುರಿಯಿರಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ವಾರ ಬಿಟ್ಟು ಇನ್ನೊಮ್ಮೆ. ಗೊಬ್ಬರ ಸದ್ಯಕ್ಕೆ ನಿಲ್ಲಿಸಿ, ಗೊಬ್ಬರವೂ ಉಪ್ಪೇ ಅಲ್ವಾ.

ಇಡೀ ಗಿಡ ಮಂಕು

ಎಲ್ಲ ಕೊಂಬೆಯೂ ಒಟ್ಟಿಗೆ ಹೊಳಪು ಕಳೆದುಕೊಂಡರೆ ಬೇರು ನೋಡದೆ ಗತಿಯಿಲ್ಲ. ಹೆಚ್ಚಿನ ಸಲ ಇದು ಮಣ್ಣಿನ ಸಮಸ್ಯೆ. ಸಿದ್ದಾಪುರದ ನರ್ಸರಿ ಸಾಲಿನಲ್ಲಾಗಲಿ, ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಮಳಿಗೆಯಲ್ಲಾಗಲಿ ತಂದ ಗಿಡ ಸಾಮಾನ್ಯವಾಗಿ ಕೆಮ್ಮಣ್ಣಿನ ಗಟ್ಟಿ ಉಂಡೆಯಲ್ಲೇ ಇರುತ್ತದೆ. ಆ ಉಂಡೆ ಎರಡು ರೀತಿ ಕೊಲ್ಲುತ್ತದೆ. ಮಳೆಗಾಲದಲ್ಲಿ ಒದ್ದೆ ಹಿಡಿದುಕೊಂಡು ಕೊಳೆಸುತ್ತದೆ. ಬೇಸಿಗೆಯಲ್ಲಿ ಒಮ್ಮೆ ಪೂರ್ತಿ ಒಣಗಿದರೆ ಆಮೇಲೆ ನೀರು ಒಳಗಿಳಿಯದೆ ಪಕ್ಕದಲ್ಲೇ ಜಾರಿ ಹೋಗುತ್ತದೆ. ಮೇಲೆ ಒದ್ದೆ, ಕೆಳಗೆ ನೀರು ಬಸಿಯುತ್ತದೆ, ನಡುವಿನ ಬೇರು ಮಾತ್ರ ಬಾಯಾರಿ ಸಾಯುತ್ತದೆ. ದಿನಾ ನೀರು ಹಾಕಿಯೂ ಒಣಗಿ ಸತ್ತ ಗಿಡಗಳ ರಹಸ್ಯ ಇದು.

ಯಾವುದು ಅಂತ ತಿಳಿಯಲು ಒಂದು ಬಿದಿರು ಕಡ್ಡಿಯನ್ನು ಕಾಂಡದಿಂದ ಎರಡು ಬೆರಳು ದೂರದಲ್ಲಿ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಡಿ. ತೆಗೆದು ಕೆನ್ನೆಗೆ ತಾಗಿಸಿ. ನೀರು ಹಾಕಿದ ಒಂದು ಗಂಟೆಯ ಮೇಲೂ ಕಡ್ಡಿ ಒಣಗಿದ್ದರೆ ಎರಡನೇ ಸಮಸ್ಯೆ. ಕುಂಡವನ್ನು ಅಂಚಿನವರೆಗೆ ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವ ತನಕ ಇಡಿ. ನೀರು ಹಾಕಿ ಮೂರು ದಿನ ಆದರೂ ತಣ್ಣಗೆ, ಕಪ್ಪಗೆ, ಚರಂಡಿ ವಾಸನೆ ಬಂದರೆ ಕೊಳೆ. ಆಗ ಗಿಡವನ್ನು ಕುಂಡದಿಂದ ಎತ್ತಿ ನೋಡಿ. ಒಳ್ಳೆಯ ಬೇರು ಗಟ್ಟಿ, ತುದಿ ಬೆಳ್ಳಗೆ ಅಥವಾ ತಿಳಿಗಂದು. ಕೊಳೆತ ಬೇರನ್ನು ಚಿವುಟಿ ಎಳೆದರೆ ಹೊರ ಸಿಪ್ಪೆ ಕಳಚಿ ದಾರದಂಥ ನಡುಗಡ್ಡಿ ಕೈಗೆ ಬರುತ್ತದೆ. ಬೇರಿನ ನಡುವೆ ಬಿಳಿ ಬೂಸ್ಟಿನಂಥದ್ದು ಇದ್ದು ಅಣಬೆಯ ಒಳ್ಳೆ ವಾಸನೆ ಬಂದರೆ ಅದನ್ನು ತೊಳೆಯಬೇಡಿ. ಅದು ಬೇರಿಗೆ ನೆರವಾಗುವ ಶಿಲೀಂಧ್ರ.

ಕೊಳೆ ಸ್ವಲ್ಪ ಇದ್ದರೆ ಕುಂಡವನ್ನು ಒಂದು ಬದಿ ಇಟ್ಟಿಗೆ ಕೊಟ್ಟು ವಾಲಿಸಿಡಿ. ಓರೆಯಾದ ಕುಂಡದಲ್ಲಿ ತಳದ ನೀರು ಬೇಗ ಬಸಿಯುತ್ತದೆ. ಇಷ್ಟು ಸಣ್ಣ ಕೆಲಸಕ್ಕೆ ಎಷ್ಟೋ ಗಿಡ ಚೇತರಿಸಿಕೊಳ್ಳುತ್ತವೆ. ಕೊಳೆ ಅರ್ಧಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಕಾಲ ನೋಡದೆ ಮಣ್ಣು ಬದಲಿಸಿ. ಕಪ್ಪು ಬೇರು ಕತ್ತರಿಸಿ, ಗಟ್ಟಿ ಬೇರು ಬಿಡಿ, ಜರಡಿ ಹಿಡಿದ 3ರಿಂದ 6 ಮಿಲಿಮೀಟರ್‌ನ ಇಟ್ಟಿಗೆ ಚೂರು, ಪ್ಯೂಮಿಸ್ (ತೂತು ತೂತಾದ ಹಗುರ ಕಲ್ಲು) ಅಥವಾ ಸಿಂಡರ್‌ನಲ್ಲಿ (ಉರಿದ ಕಲ್ಲಿದ್ದಲಿನ ಚೂರು), ಸ್ವಲ್ಪವೇ ಗೊಬ್ಬರ ಮಣ್ಣು ಬೆರೆಸಿ ಕೂರಿಸಿ. ಇಟ್ಟಿಗೆ ಪುಡಿ ಮಾತ್ರ ಸೇರಬಾರದು, ಅದು ಮತ್ತೆ ಕೆಸರಾಗುತ್ತದೆ. ಗಿಡ ಅಲುಗದ ಹಾಗೆ ಕುಂಡಕ್ಕೆ ತಂತಿಯಿಂದ ಕಟ್ಟಿ. ಬೇರು ಹೋಗಿದೆ ಅಂತ ಹಸಿರನ್ನೂ ಕತ್ತರಿಸಬೇಡಿ. ಹೊಸ ಬೇರು ಹುಟ್ಟುವುದು ಆ ಹಸಿರಿನ ಬಲದಿಂದಲೇ.

ತುರ್ತು ಇಲ್ಲದ ಮಣ್ಣು ಬದಲಾವಣೆಗೆ ನಮ್ಮ ಊರಲ್ಲಿ ಜನವರಿ, ಫೆಬ್ರವರಿ ಮೊದಲ ವಾರಗಳೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಏಪ್ರಿಲ್ ಅಂತೂ ಬೇಡವೇ ಬೇಡ. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು. ಅದು ಗಾಳಿಯ ಬಿಸಿ. ಸಿಮೆಂಟ್ ಟೆರೇಸ್ ಮೇಲಿನ ಕಪ್ಪು ಪ್ಲಾಸ್ಟಿಕ್ ಕುಂಡದೊಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಮಾರ್ಚ್ ಬರುವ ಹೊತ್ತಿಗೆ ಕುಂಡವನ್ನು ನೆಲದಿಂದ ಎತ್ತಿ ಸ್ಟ್ಯಾಂಡ್ ಮೇಲೆ ಇಡಿ, ಮಧ್ಯಾಹ್ನಕ್ಕೆ ಅರ್ಧ ನೆರಳಿನ ಬಲೆ ಕಟ್ಟಿ.

ಕಾರಣ ಸಿಕ್ಕ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ. ನೀರು ಬದಲಿಸಿದರೆ ಜಾಗ ಬದಲಿಸಬೇಡಿ, ಬೇರು ಮುಟ್ಟಿದರೆ ತಂತಿ ಸುತ್ತಬೇಡಿ. ಬೆಳಗಿನ ಬಿಸಿಲು ಬೀಳುವ, ಗಾಳಿ ಬಡಿಯದ ಕಡೆ ಇಟ್ಟು ಎಲೆಗೆ ಆಗಾಗ ನೀರು ಚಿಮುಕಿಸಿ. ಫಂಗಸ್ ಆಗಿದ್ದರೆ ಮಾತ್ರ ಚಿಮುಕಿಸುವುದು ಬೇಡ. ಹೊಸ ಚಿಗುರು ಕಾಣುವ ತನಕ ಗೊಬ್ಬರ ಇಲ್ಲ. ಮೊದಲ ಚಿಗುರು ಸೂಜಿಯಂತೆ ಚುಚ್ಚಿದರೆ ಅದು ರೋಗವಲ್ಲ. ಹುರುಪೆಯಂಥ ಎಲೆಯ ಶಿಂಪಾಕು ಜಾತಿ ದಣಿದಾಗ ಹೀಗೇ ಎಳೆತನದ ಸೂಜಿ ಎಲೆ ಬಿಡುತ್ತದೆ, ಕಾಲ ಕಳೆದಂತೆ ಸರಿಹೋಗುತ್ತದೆ. ಪ್ರೊಕಂಬೆನ್ಸ್ ಜಾತಿಯಲ್ಲಿ ಸೂಜಿ ಎಲೆಯೇ ಸಹಜ.

ಸತ್ತ ಕೊಂಬೆಯನ್ನು ಬುಡಕ್ಕೆ ಕತ್ತರಿಸಲು ಅವಸರ ಬೇಡ. ಜುನಿಪರ್ ಬೋನ್ಸಾಯ್‌ನಲ್ಲಿ ಒಣ ಕೊಂಬೆಗೆ ಬೆಲೆ ಇದೆ. ತೊಗಟೆ ಸುಲಿದು, ಇಕ್ಕಳದಿಂದ ನಾರು ಸೀಳಿ, ಚೆನ್ನಾಗಿ ಒಣಗಿದ ಮೇಲೆ ಸುಣ್ಣ-ಗಂಧಕದ ದ್ರಾವಣ ಹಚ್ಚಿದರೆ ಬೆಳ್ಳಗಿನ ಜಿನ್, ಅಂದರೆ ಅಂದಕ್ಕೆ ಉಳಿಸಿಕೊಳ್ಳುವ ಒಣ ಕೊಂಬೆ, ಆಗುತ್ತದೆ. ದ್ರಾವಣ ಮಣ್ಣಿಗೆ ಬೀಳದ ಹಾಗೆ ಬಟ್ಟೆ ಮುಚ್ಚಿ.

ಆದರೆ ಸುಲಿಯುವ ಮುಂಚೆ ದಾರ ನೋಡಿ. ಮೂರು ವಾರ ಬಿಟ್ಟು ದಾರ ಕಟ್ಟಿದ ಜಾಗದ ಒಳಬದಿಯಲ್ಲಿ ಮತ್ತೆ ಎಳ್ಳಿನಷ್ಟು ಕೆರೆಯಿರಿ. ಹಸಿರಿದ್ದರೆ ಒಣಗುವುದು ಅಲ್ಲಿಗೇ ನಿಂತಿದೆ, ದಾರದಾಚೆಯ ಭಾಗವನ್ನು ಜಿನ್ ಮಾಡಬಹುದು. ಕಂದಾಗಿದ್ದರೆ ಸಾವು ಇನ್ನೂ ಬುಡದ ಕಡೆ ಇಳಿಯುತ್ತಿದೆ, ನೀವು ಹಿಡಿದ ಕಾರಣ ಸರಿಯಿಲ್ಲ ಅಥವಾ ಅದೊಂದೇ ಅಲ್ಲ. ಹೊಸ ಗಡಿಗೆ ಇನ್ನೊಂದು ಬಣ್ಣದ ದಾರ ಕಟ್ಟಿ, ಮತ್ತೆ ಎರಡು ತಿಂಗಳ ಲೆಕ್ಕದಿಂದ ಶುರು ಮಾಡಿ. ಈ ಸಲ ಕುಂಡದೊಳಗಿನದನ್ನು ಮೊದಲು ನೋಡಿ.